ಕಳ್ಳನೂ ನೋಡುವ ಪಂಚಾಂಗ

(ಶಿವಮೊಗ್ಗದ ಬಡಾವಣೆಯೊಂದರ ನಿವಾಸಿಗಳು ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ ಸಮುದಾಯ ಭವನದಲ್ಲಿ ಕರೆದಿದ್ದ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಪುನರುಕ್ತಿಗಳನ್ನು ತೆಗೆದಿದ್ದೇನೆ; ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ.)

ಅಧ್ಯಕ್ಷರೇ, ಬಡಾವಣೆಯ ಹಿರಿಯರೇ, ತಾಯಂದಿರೇ,

ನನ್ನನ್ನು ಕರೆಯಲು ಬಂದವರು, "ಬೇಸಿಗೆ ರಜೆ ಹತ್ತಿರ ಬಂತು ಸಾರ್, ಕಳ್ಳತನದ ಬಗ್ಗೆ ನಮ್ಮ ಜನಕ್ಕೆ ನಾಲ್ಕು ಮಾತು ಹೇಳಿ" ಎಂದು ಕೇಳಿದರು. ರಜೆಗೂ ಕಳವಿಗೂ ನಂಟಿದೆ ಎಂಬುದನ್ನು ಅವರಿಗೆ ಯಾರೂ ಪಾಠ ಮಾಡಿ ಹೇಳಿಕೊಟ್ಟದ್ದಲ್ಲ, ಅದು ಊರಿಗೆಲ್ಲ ಗೊತ್ತಿರುವ ಮಾತು. ಆದರೆ ಆ ನಂಟು ಯಾವ ಬಗೆಯದು, ವರ್ಷದ ಯಾವ ತಿಂಗಳಲ್ಲಿ ಅದು ಯಾವ ರೂಪ ತಾಳುತ್ತದೆ, ನಾವು ದುಡ್ಡು ಕೊಟ್ಟು ತರುವ ಬೀಗ, ಕ್ಯಾಮೆರಾಗಳು ಆ ರೂಪಕ್ಕೆ ತಕ್ಕವೇ ಎಂದು ಕೂತು ಯೋಚಿಸುವವರು ಕಡಿಮೆ. ಪೊಲೀಸ್ ಇಲಾಖೆಯಲ್ಲಿ ಬಹುಕಾಲ ಅಪರಾಧ ವಿಭಾಗದಲ್ಲೇ ದುಡಿದ ನನಗೂ ಅದು ಅರ್ಥವಾಗಲು ನನ್ನ ಮನೆಗೇ ಕನ್ನ ಬೀಳಬೇಕಾಯಿತು.

ಆ ವರ್ಷ ಗಣಪತಿ ಹಬ್ಬಕ್ಕೆ ನನ್ನನ್ನು ಪಕ್ಕದ ತಾಲ್ಲೂಕಿನ ಬಂದೋಬಸ್ತಿಗೆ ಹಾಕಿದ್ದರು. ಗೌರಿ ಹಬ್ಬಕ್ಕೆಂದು ಮನೆಯವಳು ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಐದನೆಯ ದಿನ ಗಣಪತಿ ಬಿಟ್ಟು ಮುಗಿಸಿ ಬೆಳಗಿನ ಜಾವ ಮನೆಗೆ ಬಂದರೆ ಮುಂಬಾಗಿಲ ಬೀಗ ಹಾಕಿದ ಹಾಗೇ ಇದೆ, ಹಿತ್ತಿಲ ಬಾಗಿಲಿನ ಅಗುಳಿ ಕಿತ್ತು ನೆಲದಲ್ಲಿ ಬಿದ್ದಿದೆ. ಬಚ್ಚಲಿನ ತಾಮ್ರದ ಹಂಡೆ, ದೇವರ ಮನೆಯ ಎರಡು ಬೆಳ್ಳಿ ದೀಪ, ಬೀರುವಿನಲ್ಲಿದ್ದ ಸ್ವಲ್ಪ ಹಣ ಹೋಗಿತ್ತು. ಮಹಜರು ಬರೆಯಲು ಬಂದ ನನ್ನ ಸಹೋದ್ಯೋಗಿ ನನ್ನ ಮುಖ ನೋಡದೆ ತಲೆ ತಗ್ಗಿಸಿ ಬರೆದ. ಅದು ಪೊಲೀಸಿನವನ ಮನೆ ಎಂದು ಕಳ್ಳನಿಗೆ ಗೊತ್ತಿತ್ತೋ ಇಲ್ಲವೋ ನಾನರಿಯೆ. ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಗಣಪತಿ ಬಿಡುವ ತನಕ ಠಾಣೆಯಲ್ಲಿ ಗಸ್ತಿಗೆ ಜನ ಇರುವುದಿಲ್ಲ ಎಂಬ ಎರಡು ಸಂಗತಿ ತಿಳಿದಿದ್ದರೆ ಅವನಿಗೆ ಸಾಕಿತ್ತು. ಆ ಎರಡನ್ನೂ ಗೋಡೆಗೆ ತೂಗು ಹಾಕಿದ ಕ್ಯಾಲೆಂಡರಿನಲ್ಲೇ ನೋಡಿಕೊಳ್ಳಬಹುದು.

ಋತುವಿಗೂ ಅಪರಾಧಕ್ಕೂ ಇರುವ ಸಂಬಂಧವನ್ನು ಹುಡುಕಿದವರಲ್ಲಿ ಮೊದಲಿಗರೆಂದರೆ ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕೆಟ್ಲೆ. ಅವರು 1830ರ ದಶಕದಲ್ಲಿ ಫ್ರಾನ್ಸಿನ ನ್ಯಾಯಾಲಯಗಳ ಲೆಕ್ಕಗಳನ್ನು ಜೋಡಿಸಿ ನೋಡಿ, ಹೊಡೆದಾಟ ಬಡಿದಾಟಗಳು ಬೇಸಿಗೆಯಲ್ಲೂ ಕಳವುಗಳು ಚಳಿಗಾಲದಲ್ಲೂ ಹೆಚ್ಚುತ್ತವೆ ಎಂದು ಹೇಳಿದರು. ಚಳಿಗಾಲದಲ್ಲಿ ಬಡವನಿಗೆ ಕೊರತೆ, ಕಷ್ಟಗಳು ಹೆಚ್ಚು ಎಂಬುದು ಅವರು ಕಂಡ ಕಾರಣ. ಇಂದು ಅಮೆರಿಕದಲ್ಲಿ ಮನೆಗಳಿಗೆ ಕನ್ನ ಬೀಳುವುದು ಬೇಸಿಗೆಯಲ್ಲಿ ಹೆಚ್ಚು; ಇಂಗ್ಲೆಂಡಿನಲ್ಲಿ ಚಳಿಗಾಲದ ಸಂಜೆಗಳಲ್ಲಿ ಹೆಚ್ಚು, ಏಕೆಂದರೆ ಅಲ್ಲಿ ಆಗ ನಾಲ್ಕೂವರೆಗೇ ಕತ್ತಲಾಗಿ, ದೀಪ ಹತ್ತದ ಮನೆಯಲ್ಲಿ ಜನರಿಲ್ಲ ಎಂಬುದು ಬೀದಿಗೇ ತಿಳಿದುಬಿಡುತ್ತದೆ. ಒಂದೇ ಅಪರಾಧ ಒಂದು ದೇಶದಲ್ಲಿ ಸೆಕೆಗೂ ಇನ್ನೊಂದರಲ್ಲಿ ಚಳಿಗೂ ಅಂಟಿಕೊಂಡಿದೆ ಎಂದಾದರೆ ಕಾರಣ ಸೆಕೆಯೂ ಅಲ್ಲ, ಚಳಿಯೂ ಅಲ್ಲ. 1979ರಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಇದನ್ನು ಸರಳವಾಗಿ ವಿವರಿಸಿದರು. ಕದಿಯುವ ಮನಸ್ಸಿನವನು, ಕದಿಯಲು ತಕ್ಕ ವಸ್ತು, ಕಾಯುವವರ ಗೈರುಹಾಜರಿ, ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದಾಗ ಕಳವು ನಡೆಯುತ್ತದೆ. ಅವು ಕೂಡುವುದೋ ಬಿಡುವುದೋ ಜನರ ದಿನಚರಿಯ ಮೇಲೆ ನಿಂತಿದೆ. 2020ರ ಲಾಕ್‌ಡೌನ್ ಇದಕ್ಕೆ ತಾನಾಗಿ ಒದಗಿಬಂದ ಪರೀಕ್ಷೆಯಾಯಿತು. ಕೆಲಸ ಕಳೆದುಕೊಂಡು ಕಷ್ಟಕ್ಕೆ ಬಿದ್ದವರು ಎಷ್ಟೋ ಮಂದಿ ಇದ್ದರೂ ಆ ವರ್ಷ ದೇಶದಲ್ಲಿ ದಾಖಲಾದ ಕಳವು ಪ್ರಕರಣಗಳು ಇಳಿದವು. ಮನೆಗಳಲ್ಲಿ ಜನ ಇದ್ದರು, ಅಷ್ಟೆ.

ಹಾಗಾಗಿ ನಾನು ಇಂದು ಮಳೆ ಬಿಸಿಲುಗಳಿಗಿಂತ ಪಂಚಾಂಗದ ಬಗ್ಗೆ ಹೆಚ್ಚು ಮಾತನಾಡುತ್ತೇನೆ. ನಮ್ಮ ನಾಡಿನ ಕಳ್ಳನೂ ನಾವು ನೋಡುವ ಪಂಚಾಂಗವನ್ನೇ ನೋಡುತ್ತಾನೆ. ನಾವು ಯಾವಾಗ ಮನೆ ಬಿಡುತ್ತೇವೆ, ಯಾವಾಗ ಬೀರುವಿನಿಂದ ಒಡವೆ ತೆಗೆಯುತ್ತೇವೆ, ಯಾವಾಗ ಬೆಳೆ ಅಂಗಳಕ್ಕೆ ಬರುತ್ತದೆ ಎಂಬುದು ಅವನಿಗೂ ತಿಳಿದಿದೆ.

ಈಗ ಎದುರಿಗೇ ಇರುವ ಏಪ್ರಿಲ್, ಮೇ ತಿಂಗಳುಗಳಿಂದ ಆರಂಭಿಸೋಣ. ಶಾಲೆಗೆ ರಜೆ, ಮದುವೆ ಉಪನಯನಗಳ ಕಾಲ, ಊರ ಜಾತ್ರೆಗಳು, ಅಜ್ಜಿ ಮನೆ, ತಿರುಪತಿ, ಧರ್ಮಸ್ಥಳ. ನಿಮ್ಮ ಬೀದಿಯಲ್ಲಿ ಬೆಳಿಗ್ಗೆ ಏಳೂವರೆಗೆ ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಯಾವ ಮನೆಯಲ್ಲಿ ಜನವಿಲ್ಲ ಎಂಬುದನ್ನು ಬಾಗಿಲು ತಟ್ಟದೆಯೇ ಹೇಳಬಲ್ಲಿರಿ. ಹೊಸ್ತಿಲ ಮುಂದೆ ನೀರು ಹಾಕಿಲ್ಲ, ರಂಗೋಲಿ ಇಲ್ಲ, ಅಥವಾ ಮೂರು ದಿನದ ಹಿಂದಿನ ರಂಗೋಲಿ ಸವೆದು ಅರ್ಧ ಉಳಿದಿದೆ. ಗೇಟಿನ ಒಳಗೆ ಎರಡು ದಿನದ ಪತ್ರಿಕೆ, ಹೂಕುಂಡದಲ್ಲಿ ಬಾಡಿದ ಗಿಡ, ಗೇಟಿಗೆ ಹೊರಗಿನಿಂದ ಹಾಕಿದ ಬೀಗ. ಎಲ್ಲಕ್ಕಿಂತ ದೊಡ್ಡ ಸುಳಿವು ಹಗಲು ಹೊತ್ತಿನಲ್ಲೂ ಉರಿಯುತ್ತಿರುವ ಮುಂಬಾಗಿಲ ದೀಪ. ಕಳ್ಳ ಹೆದರಲಿ ಎಂದು ದೀಪ ಹಾಕಿ ಹೋಗಿರುತ್ತೇವೆ; ಅದು ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಾ, ಈ ಮನೆಯವರು ಊರಲ್ಲಿಲ್ಲ ಎಂದು ಸಾರುತ್ತಿರುತ್ತದೆ. ನಾನು ಮಹಜರಿಗೆ ಹೋದ ಮನೆಗಳಲ್ಲಿ ಇಂಥ ದೀಪಗಳನ್ನು ಎಷ್ಟು ಸಲ ನಾನೇ ಆರಿಸಿದ್ದೇನೋ ಲೆಕ್ಕವಿಲ್ಲ.

ಹಗಲು ಬೀದಿ ಸುತ್ತಿ ಇದನ್ನೆಲ್ಲ ನೋಡಿಕೊಂಡು ಹೋದವನು ರಾತ್ರಿ ಒಂದರಿಂದ ನಾಲ್ಕರ ನಡುವೆ ಬರುತ್ತಾನೆ. ಬೀಗವನ್ನು ಅವನು ಮುಟ್ಟುವುದೇ ಇಲ್ಲ. ನಾವು ಅಂಗಡಿಯಲ್ಲಿ ಅಳೆದು ತೂಗಿ ಸಾವಿರ ರೂಪಾಯಿಯ ಬೀಗ ತಂದಿರುತ್ತೇವೆ, ಅದನ್ನು ಸಿಕ್ಕಿಸುವ ಕೊಂಡಿ ಮಾತ್ರ ಮನೆ ಕಟ್ಟಿದಾಗ ಬಡಗಿ ಅರ್ಧ ಇಂಚಿನ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದು. ಕಬ್ಬಿಣದ ಸಲಾಕೆಯನ್ನು ಕೊಂಡಿಯ ಕೆಳಗೆ ತೂರಿಸಿ ಒಮ್ಮೆ ಮೀಟಿದರೆ ಬೀಗ, ಕೊಂಡಿ, ಸ್ಕ್ರೂ ಒಟ್ಟಿಗೇ ಕಿತ್ತು ಬರುತ್ತವೆ; ಬೀಗಕ್ಕೆ ಗೀರು ಕೂಡ ಬಿದ್ದಿರುವುದಿಲ್ಲ. ಆದ್ದರಿಂದ ಹೊಸ ಬೀಗ ಕೊಳ್ಳುವ ಮೊದಲು ಹಳೆಯ ಕೊಂಡಿಯನ್ನು ನೋಡಿ. ಬಾಗಿಲಿನ ಹಲಗೆಯ ಆಚೆಗೂ ಹಾದುಹೋಗಿ ಒಳಗಿನಿಂದ ನಟ್ಟು ಬಿಗಿಯುವ ಬೋಲ್ಟು ಹಾಕಿಸಿ. ಬಾಗಿಲಿನೊಳಗೇ ಕೂರುವ ಲಾಕ್ ಇದ್ದರೆ ಇನ್ನೂ ಒಳ್ಳೆಯದು, ಹೊರಗಿನವರಿಗೆ ಮನೆ ಬೀಗ ಬಿದ್ದಿದೆಯೋ ಒಳಗೆ ಜನ ಇದ್ದಾರೋ ತಿಳಿಯುವುದಿಲ್ಲ. ಹಿತ್ತಿಲ ಬಾಗಿಲನ್ನು ಮುಂಬಾಗಿಲಿನಷ್ಟೇ ಗಟ್ಟಿ ಮಾಡಿಸಿ. ತೇಗದ ಮುಂಬಾಗಿಲಿಗೆ ಎಂಬತ್ತು ಸಾವಿರ ಕೊಟ್ಟು ಅಡುಗೆ ಮನೆಯ ಹಿಂದೆ ಪ್ಲೈವುಡ್ ಬಾಗಿಲು ಇಟ್ಟವರ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೀಲಿಯನ್ನು ಮೀಟರ್ ಬೋರ್ಡಿನ ಮೇಲೆ, ಚಪ್ಪಲಿ ಗೂಡಿನಲ್ಲಿ, ಹೂಕುಂಡದ ಕೆಳಗೆ ಇಡುವ ಅಭ್ಯಾಸದ ಬಗ್ಗೆ ನಾನು ಮಾತನಾಡಲಾರೆ. ಅದು ನಿಮಗಿಂತ ಮೊದಲು ಕಳ್ಳನಿಗೆ ನೆನಪಾಗುವ ಜಾಗ.

ಉತ್ತರ ಕರ್ನಾಟಕದ ಬೇಸಿಗೆಗೆ ಇನ್ನೊಂದು ಮುಖವಿದೆ. ಕಲಬುರಗಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಮನೆ ಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುತ್ತಾರೆ. ಮನೆಯವರು ಮೇಲೆ ಗಾಳಿಗೆ ಮೈಮರೆತು ಮಲಗಿರುವಾಗ ಕೆಳಗಿನ ಬಾಗಿಲು ಒಡೆದು ಬೀರು ಬರಿದು ಮಾಡಿದ ಪ್ರಕರಣಗಳಲ್ಲಿ, ಬೆಳಿಗ್ಗೆ ಇಳಿದು ಬರುವ ತನಕ ಯಾರಿಗೂ ಏನೂ ಗೊತ್ತಾಗಿರುವುದಿಲ್ಲ. ಇಲ್ಲಿ ಮನೆ ಖಾಲಿಯಿಲ್ಲ, ಆದರೂ ಕಾಯುವವರು ಇಲ್ಲ. ಸೆಕೆಗೆಂದು ಕಿಟಕಿ ತೆರೆದು ಮಲಗುವವರ ಅಂಗಿ, ಪರ್ಸು, ಫೋನುಗಳನ್ನು ಉದ್ದನೆಯ ಕೋಲಿನಿಂದ ಎಳೆದುಕೊಳ್ಳುವುದೂ ಇದೇ ಕಾಲದ ಕೆಲಸ. ಕಿಟಕಿ ತೆರೆಯಿರಿ, ಬೇಡ ಎನ್ನುವುದಿಲ್ಲ. ಕಿಟಕಿಯ ಪಕ್ಕದ ಗೂಟಕ್ಕೆ ಪ್ಯಾಂಟು ತೂಗು ಹಾಕಬೇಡಿ.

ಮದುವೆಯ ಕಾಲದಲ್ಲಿ ಒಡವೆ ಬ್ಯಾಂಕಿನ ಲಾಕರ್ ಬಿಟ್ಟು ಹೊರಗೆ ಬರುತ್ತದೆ. ಲಾಕರಿನಿಂದ ತಂದ ದಿನಕ್ಕೂ ಮರಳಿ ಇಟ್ಟ ದಿನಕ್ಕೂ ನಡುವೆ ಎಷ್ಟು ರಾತ್ರಿ ಕಳೆದವು ಎಂದು ಎಣಿಸಿ. ಮದುವೆ ಎರಡು ದಿನದ್ದು, ಒಡವೆ ಮನೆಯಲ್ಲಿ ಉಳಿಯುವುದು ಎರಡು ತಿಂಗಳು. ಮತ್ತೊಂದು ಮದುವೆ ಇದೆಯಲ್ಲ, ಮುಗಿದ ಮೇಲೆ ಒಟ್ಟಿಗೇ ಇಟ್ಟರಾಯಿತು ಎಂಬ ಸಬೂಬು. 2025ರಲ್ಲಿ 10 ಗ್ರಾಂ ಅಪರಂಜಿಯ ಬೆಲೆ 1 ಲಕ್ಷ ರೂಪಾಯಿ ದಾಟಿದ ಮೇಲೆ ಈ ಸಬೂಬು ತೀರ ದುಬಾರಿಯಾಗಿದೆ. ಕಲ್ಯಾಣ ಮಂಟಪದಲ್ಲಿ ಧಾರೆಯ ಹೊತ್ತಿಗೆ ಎಲ್ಲರೂ ಮಂಟಪದ ಸುತ್ತ ಸೇರಿ ವಧುವಿನ ಕೋಣೆ ಬರಿದಾಗಿರುತ್ತದೆ. ಚೆನ್ನಾಗಿ ಬಟ್ಟೆ ತೊಟ್ಟು ಒಳಗೆ ಬಂದವನನ್ನು ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದೂ ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ ತಿಳಿದು ಊಟಕ್ಕೆ ಕೂರಿಸಿ ಉಪಚರಿಸುತ್ತಾರೆ. ಆ ಕೋಣೆಯ ಕೀಲಿಯನ್ನು ಒಬ್ಬರ ಬಳಿ ಮಾತ್ರ ಇರಿಸಿ. ಆ ಒಬ್ಬರು ಧಾರೆ ನೋಡುವ ಆಸೆ ಬಿಡಬೇಕಾಗುತ್ತದೆ, ಬೇರೆ ದಾರಿಯಿಲ್ಲ.

ಬಸ್ಸಿನ ವಿಷಯ ಬೇರೆಯಾಗಿಯೇ ಹೇಳಬೇಕು. ಹಬ್ಬದ ಹಿಂದಿನ ಸಂಜೆ ಬಸ್ ನಿಲ್ದಾಣದಲ್ಲಿ ಬಾಗಿಲಿಗೆ ಮುಗಿಬಿದ್ದು ಹತ್ತುವ ಅರ್ಧ ನಿಮಿಷದಲ್ಲಿ ವ್ಯಾನಿಟಿ ಬ್ಯಾಗಿನ ಜಿಪ್ ತೆರೆದುಕೊಂಡಿರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮ್ಮ ಹೆಣ್ಣುಮಕ್ಕಳು ಮೊದಲಿಗಿಂತ ಹೆಚ್ಚು ಪ್ರಯಾಣ ಮಾಡುತ್ತಿದ್ದಾರೆ, ಅದು ಸಂತೋಷದ ಮಾತೇ. ಒಡವೆಯ ಡಬ್ಬಿ ಮಾತ್ರ ಬ್ಯಾಗಿನ ಮೇಲಿನ ಅರೆಯಲ್ಲಿ ಬೇಡ. ಪ್ರಯಾಣದ ನಡುವೆ ಕಳವಾದರೆ, ಅದು ಯಾವ ಠಾಣೆಯ ಸರಹದ್ದು ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಕೃತ್ಯ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ವರ್ತಮಾನ ಕೊಡಬಹುದು. ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.

ಮಳೆಗಾಲಕ್ಕೆ ಬರೋಣ. ಮಲೆನಾಡು, ಕರಾವಳಿಗಳಲ್ಲಿ ಜೂನ್ ಕಳೆದರೆ ರಾತ್ರಿ ಎಂದರೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದು. ಹಿತ್ತಿಲ ಬಾಗಿಲನ್ನು ಒದ್ದರೂ ಒಳಗೆ ಮಲಗಿದವರಿಗೆ ಕೇಳಿಸದು. ಕರೆಂಟು ಹೋಗಿರುತ್ತದೆ, ತೋಟದ ನಡುವಿನ ಒಂಟಿ ಮನೆಗೆ ನೆರೆಮನೆ ಅರ್ಧ ಮೈಲಿ ದೂರ, ಹೆಜ್ಜೆಯ ಗುರುತೂ ಬೆಳಗಾಗುವಷ್ಟರಲ್ಲಿ ತೊಳೆದು ಹೋಗಿರುತ್ತದೆ. ಪಟ್ಟಣದಲ್ಲೂ ಇದು ತಪ್ಪಿದ್ದಲ್ಲ. 2024ರ ಜುಲೈ ತಿಂಗಳಲ್ಲಿ ಮಂಗಳೂರಿನ ಉರ್ವ ಠಾಣೆಯ ವ್ಯಾಪ್ತಿಯಲ್ಲಿ, ಬೆಳಗಿನ ಜಾವ ತಂಡವೊಂದು ವೃದ್ಧ ದಂಪತಿ ಇದ್ದ ಮನೆಗೆ ನುಗ್ಗಿ ಹಲ್ಲೆ ಮಾಡಿ ದೋಚಿತು. ಆ ತಂಡದವರು ಬಸ್ಸಿನಲ್ಲಿ ಬೆಂಗಳೂರಿನ ದಾರಿ ಹಿಡಿದು ಸಕಲೇಶಪುರ ತಲುಪುವಷ್ಟರಲ್ಲಿ ಸಿಕ್ಕಿಬಿದ್ದರು. ಸುದ್ದಿ ಬೇಗ ಮುಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ಒಂಟಿ ಮನೆಯ ಹಿರಿಯರು ತುರ್ತು ಕರೆಯ ಸಂಖ್ಯೆ 112ನ್ನು ಫೋನಿನಲ್ಲಿ ಒಂದೇ ಗುಂಡಿಗೆ ಸಿಗುವಂತೆ ಹಾಕಿಸಿಕೊಳ್ಳಬೇಕು ಮತ್ತು ರಾತ್ರಿ ಸದ್ದಾದರೆ ಹೊರಗೆ ಬಂದು ನೋಡಬಾರದು. ಒಳಗಿನಿಂದಲೇ ದೀಪ ಹಾಕಿ ಫೋನ್ ಮಾಡಬೇಕು. ಕ್ಯಾಮೆರಾ ಇದ್ದವರು ಮಳೆಗಾಲದ ಮುನ್ನ ಅದರ ಮುಂದಿನ ಜೇಡರ ಬಲೆ ತೆಗೆದು, ದಿನಾಂಕ ಗಡಿಯಾರ ಸರಿಯಿದೆಯೇ ನೋಡಿ, ಕರೆಂಟು ಹೋದಾಗಲೂ ನಡೆಯುವ ಬ್ಯಾಟರಿ ವ್ಯವಸ್ಥೆ ಮಾಡಿಕೊಳ್ಳಬೇಕು. ಚಿತ್ರಗಳು ದಾಖಲಾಗುವ ಪೆಟ್ಟಿಗೆಯನ್ನು ಟಿ.ವಿ. ಪಕ್ಕದಲ್ಲಿ ಅಲಂಕಾರಕ್ಕೆ ಇಟ್ಟರೆ ಕಳ್ಳ ಹೋಗುವಾಗ ಅದನ್ನೂ ಒಯ್ಯುತ್ತಾನೆ.

ಶ್ರಾವಣ ಬಂದರೆ ವರಮಹಾಲಕ್ಷ್ಮಿ ಹಬ್ಬ. ದೇವಿಗೆ ಮನೆಯ ಚಿನ್ನವನ್ನೆಲ್ಲ ತೊಡಿಸಿ, ಮುಂದೆ ನೋಟಿನ ಹಾರ ಹಾಕಿ, ಅರಿಶಿನ ಕುಂಕುಮಕ್ಕೆ ಬೀದಿಯವರನ್ನೆಲ್ಲ ಕರೆಯುವುದು ನಮ್ಮ ಸಂಪ್ರದಾಯ. ಬಾಗಿಲಿಗೆ ಬಂದವರು ನೋಡುವುದರಲ್ಲಿ ಅಪಾಯ ಕಡಿಮೆ, ಅವರೆಲ್ಲ ಗೊತ್ತಿದ್ದವರು. ಅದೇ ಚಿತ್ರವನ್ನು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದಾಗ ಯಾವಾಗಲೋ ನಂಬರು ಉಳಿಸಿಕೊಂಡ ಗ್ಯಾಸ್ ರಿಪೇರಿಯವನಿಂದ ಹಿಡಿದು ಎಲ್ಲರೂ ನಿಮ್ಮ ಬೀರುವಿನ ಪಟ್ಟಿ ಓದುತ್ತಾರೆ. ಚಿತ್ರ ತೆಗೆಯಿರಿ, ಆದರೆ ಅದನ್ನು ಬೇರೆ ಕಾರಣಕ್ಕೆ ಇಟ್ಟುಕೊಳ್ಳಿ. ಒಂದೊಂದು ಒಡವೆಯನ್ನೂ ಬಿಳಿ ಬಟ್ಟೆಯ ಮೇಲಿಟ್ಟು ಹಿಂದೆ ಮುಂದೆ ಚಿತ್ರ ತೆಗೆದು, ಬಿಲ್ಲುಗಳ ಜೊತೆ ಉಳಿಸಿಕೊಳ್ಳಿ. ಇದರ ಬೆಲೆ ನನಗೆ ಗೊತ್ತಾದದ್ದು ಠಾಣೆಗಳವರು ವಶಪಡಿಸಿಕೊಂಡ ಸ್ವತ್ತನ್ನು ವಾರಸುದಾರರಿಗೆ ಹಿಂದಿರುಗಿಸುವ ಪ್ರಾಪರ್ಟಿ ಪೆರೇಡಿನಲ್ಲಿ. ಮೇಜಿನ ಮೇಲೆ ಒಂದೇ ಬಗೆಯ ಮೂರು ಎರಡೆಳೆಯ ಸರ, ಎದುರು ನಾಲ್ವರು ಹೆಂಗಸರು. ಒಬ್ಬಾಕೆ ಸರವನ್ನು ಕೈಗೆ ತೆಗೆದುಕೊಳ್ಳದೆಯೇ, "ಕೊಕ್ಕೆಯ ಹತ್ತಿರ ಒಂದು ಗುಂಡು ಚಪ್ಪಟೆಯಾಗಿದೆ ನೋಡಿ, ಮಗು ಕಚ್ಚಿದ್ದು" ಎಂದರು. ಅದು ಅವರದೇ ಆಗಿತ್ತು. ಉಳಿದವರಿಗೆ ಅಂಥ ಗುರುತು ಹೇಳಲಾಗಲಿಲ್ಲ. ಕರಗಿಸಿ ಗಟ್ಟಿ ಮಾಡಿದ ಮೇಲಂತೂ ಬಿಲ್ಲು ಮತ್ತು ತೂಕ ಬಿಟ್ಟರೆ ಬೇರೆ ಆಧಾರವಿರುವುದಿಲ್ಲ.

ದಸರೆ, ದೀಪಾವಳಿಗಳಲ್ಲಿ ಬೇಸಿಗೆಯದೇ ಕಥೆ, ಚಿಕ್ಕ ಅಳತೆಯಲ್ಲಿ. ಅದರ ಜೊತೆಗೆ ಬಂದೋಬಸ್ತು ಸೇರುತ್ತದೆ. ಮೆರವಣಿಗೆಯ ದಾರಿಗೆ ಪೊಲೀಸರನ್ನು ಎಳೆದುಕೊಂಡಷ್ಟೂ ಬಡಾವಣೆಯ ಬೀಟು ತೆಳ್ಳಗಾಗುತ್ತದೆ. ಚುನಾವಣೆಯ ದಿನಗಳಲ್ಲೂ ಹೀಗೇ. ಇಲಾಖೆಯವನಾಗಿ ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ರಜೆಯ ಲೆಕ್ಕಾಚಾರ ಎಷ್ಟು ನಿಖರವಾಗಿರುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಪ್ರಕರಣವನ್ನು ನೋಡಿ. 2024ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿನ ಬ್ಯಾಂಕ್ ಶಾಖೆಯೊಂದರಿಂದ 17 ಕೆ.ಜಿ.ಗೂ ಹೆಚ್ಚು ಅಡವಿನ ಚಿನ್ನ ಹೋಯಿತು. ನಾಲ್ಕನೇ ಶನಿವಾರ, ಭಾನುವಾರ ಕಳೆದು ಸೋಮವಾರ ಬಾಗಿಲು ತೆರೆದಾಗಲೇ ಕಳವು ಬೆಳಕಿಗೆ ಬಂದದ್ದು. ಕೆಲವು ತಿಂಗಳ ನಂತರ ಆ ಚಿನ್ನ ತಮಿಳುನಾಡಿನ ಬಾವಿಯೊಂದರಲ್ಲಿ ಪತ್ತೆಯಾಯಿತು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 58 ಕೆ.ಜಿ.ಗೂ ಹೆಚ್ಚು ಚಿನ್ನ ಕಳವಾದದ್ದೂ ನಾಲ್ಕನೇ ಶನಿವಾರದ ರಜೆಯ ಮರೆಯಲ್ಲೇ. ಹೀಗೆಂದು ಲಾಕರ್ ಬಿಟ್ಟು ಒಡವೆಯನ್ನು ಅಕ್ಕಿ ಡಬ್ಬಿಗೆ ಹಾಕಬೇಡಿ, ಅಕ್ಕಿ ಡಬ್ಬಿಯನ್ನು ಕಳ್ಳ ಮೊದಲು ಬಗ್ಗಿಸುತ್ತಾನೆ. ಆದರೆ ಒಂದು ನಿಯಮ ತಿಳಿದಿರಲಿ. ರಿಸರ್ವ್ ಬ್ಯಾಂಕ್ 2022ರ ಜನವರಿ 1ರಿಂದ ಜಾರಿಗೆ ತಂದ ಸೂಚನೆಯಂತೆ, ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ಸೀಮಿತ. 2,000 ರೂಪಾಯಿ ಬಾಡಿಗೆಯ ಲಾಕರಿಗೆ 2 ಲಕ್ಷ. ಇಪ್ಪತ್ತು ಲಕ್ಷದ ಒಡವೆ ಇದ್ದವರು ಉಳಿದದ್ದಕ್ಕೆ ಪ್ರತ್ಯೇಕ ವಿಮೆಯ ಬಗ್ಗೆ ವಿಚಾರಿಸಬೇಕು, ಅಲ್ಲಿಯೂ ಕೇಳುವುದು ಬಿಲ್ಲನ್ನೇ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಋತು ಇದೆ, ನಗರದವರಿಗೆ ಇದರ ಅರಿವೇ ಇರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದಸರೆ ಕಳೆದ ಮೇಲೆ ಅಡಿಕೆ ಕೊಯ್ಲು ಶುರುವಾಗಿ ಸಂಕ್ರಾಂತಿಯ ತನಕ ಸುಲಿಯುವುದು, ಬೇಯಿಸುವುದು, ಒಣಗಿಸುವುದು ನಡೆಯುತ್ತದೆ. ದಕ್ಷಿಣ ಕನ್ನಡದಲ್ಲಿ ಹಣ್ಣಡಿಕೆಯನ್ನು ಸಿಪ್ಪೆ ಸಹಿತ ತಿಂಗಳಿಗೂ ಹೆಚ್ಚು ಕಾಲ ಅಂಗಳದಲ್ಲೇ ಹರಡಿರುತ್ತಾರೆ. ಕ್ವಿಂಟಾಲಿಗೆ 40 ಸಾವಿರ ರೂಪಾಯಿ ಹಿಡಿದರೂ 65 ಕೆ.ಜಿ.ಯ ಒಂದು ಚೀಲ 26 ಸಾವಿರವಾಯಿತು. ಬೈಕಿನ ಹಿಂದೆ ಒಂದು ಚೀಲ ಹೋದರೆ ಒಂದು ಉಂಗುರ ಹೋದ ಹಾಗೆಯೇ. ಚಿಕ್ಕಮಗಳೂರು, ಕೊಡಗುಗಳಲ್ಲಿ ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕಾಫಿ ಕಣಕ್ಕೆ ಬರುತ್ತದೆ, ಅದರ ಬೆನ್ನಿಗೇ ಕಾಳುಮೆಣಸು. ಬೆಲೆ ಏರಿದ ವರ್ಷ ಗಿಡದಲ್ಲಿರುವಾಗಲೇ ಕೊಯ್ದುಕೊಂಡು ಹೋಗುತ್ತಾರೆ. 2023ರ ಜುಲೈ ನೆನಪಿದೆಯೇ? ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿದ ಆ ತಿಂಗಳು ಬೇಲೂರು ತಾಲ್ಲೂಕಿನ ಹೊಲವೊಂದರಿಂದ ರಾತ್ರೋರಾತ್ರಿ ಬೆಳೆ ಹೋಯಿತು. ಚಿತ್ರದುರ್ಗದ ಕಡೆಯಿಂದ ಕೋಲಾರಕ್ಕೆ ಹೊರಟಿದ್ದ ಟೊಮೆಟೊ ತುಂಬಿದ ವಾಹನವನ್ನೇ ಬೆಂಗಳೂರಿನಲ್ಲಿ ಅಪಹರಿಸಿದರು. ಅದೇ ಟೊಮೆಟೊವನ್ನು ಬೆಲೆ ಬಿದ್ದ ವರ್ಷ ರೈತರು ರಸ್ತೆ ಬದಿಗೆ ಸುರಿದು ಹೋಗುತ್ತಾರೆ, ಆಗ ಕದಿಯುವವರು ಇರುವುದಿಲ್ಲ. ಅಂದರೆ ವಸ್ತುವಿಗೂ ಒಂದು ಋತು ಇದೆ, ಅದು ಮಾರುಕಟ್ಟೆಯ ಋತು.

ಬೆಳೆಗಾರರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಒಣಗಿದ ಮಾಲನ್ನು ರಾತ್ರಿ ಅಂಗಳದಲ್ಲಿ ಬಿಡದೆ ಒಳಗೆ ಹಾಕುವುದು, ಚೀಲಗಳಿಗೆ ಬಣ್ಣದಿಂದ ಗುರುತು ಹಾಕಿ ಎಣಿಸಿ ಬರೆದಿಡುವುದು, ಬೆಲೆ ಏರಲಿ ಎಂದು ಕಾಯುವಾಗ ಎಲ್ಲವನ್ನೂ ಒಂಟಿ ಮನೆಯ ಅಟ್ಟದಲ್ಲಿ ಪೇರಿಸುವ ಬದಲು ಸೊಸೈಟಿಯ ಗೋದಾಮಿನಲ್ಲಿ ಇರಿಸುವುದು. ಕೊಳ್ಳುವವರಿಗೂ ಒಂದು ಮಾತು. ತೋಟವಿಲ್ಲದವನು ಅರ್ಧ ಬೆಲೆಗೆ ಹಸಿ ಅಡಿಕೆ ತಂದರೆ ಅದು ಎಲ್ಲಿಂದ ಬಂತೆಂದು ಕೇಳದಿರುವುದು ಜಾಣತನವಲ್ಲ. ಕಳವಿನ ಮಾಲೆಂದು ತಿಳಿದು ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಪ್ರಕಾರ ಅಪರಾಧ. ಕೊಳ್ಳುವ ಬಾಗಿಲು ಮುಚ್ಚಿದರೆ ಕದಿಯುವ ಋತುವೂ ಚಿಕ್ಕದಾಗುತ್ತದೆ ಎಂಬುದು ನನ್ನ ಅನುಭವ.

ಚಳಿಗಾಲದ್ದು ಸರಗಳ್ಳತನ. ಧನುರ್ಮಾಸದ ಪೂಜೆಗೆಂದು ಹೆಂಗಸರು ಮಬ್ಬುಗತ್ತಲಲ್ಲೇ ದೇವಸ್ಥಾನಕ್ಕೆ ಹೊರಡುತ್ತಾರೆ, ಮಂಜು ಮುಸುಕಿರುತ್ತದೆ, ಮಂಕಿ ಟೋಪಿ, ಜರ್ಕಿನ್, ಹೆಲ್ಮೆಟ್ ತೊಟ್ಟ ಬೈಕಿನವರನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಲ್ಲಿ ಹೀಗೆ ಕಿತ್ತುಕೊಳ್ಳುವುದನ್ನು ಪ್ರತ್ಯೇಕ ಅಪರಾಧವಾಗಿಯೇ ಹೇಳಿದ್ದಾರೆ. ಇಬ್ಬರು ಮೂವರು ಜೊತೆಯಾಗಿ, ಬರುವ ವಾಹನಗಳಿಗೆ ಎದುರಾಗಿ, ಸೆರಗು ಹೊದ್ದು ನಡೆಯಿರಿ. ಸರಕ್ಕೆ ಕೈ ಹಾಕಿದರೆ ಬಿಟ್ಟುಬಿಡಿ. ಹಿಡಿದುಕೊಂಡು ರಸ್ತೆಗೆ ಬಿದ್ದು ತಲೆ ಒಡೆದುಕೊಂಡವರನ್ನು ಆಸ್ಪತ್ರೆಯಲ್ಲಿ ನೋಡಿದ್ದೇನೆ.

ನನಗೆ ಕಸಿವಿಸಿಯಾಗುವ ಒಂದು ಸಂಗತಿಯನ್ನೂ ಹೇಳಬೇಕು. ಪ್ರತಿ ಬೇಸಿಗೆಯಲ್ಲೂ "ಗ್ಯಾಂಗ್ ಬಂದಿದೆ, ಎಚ್ಚರ" ಎಂಬ ಸಂದೇಶ ಯಾವುದೋ ರಾಜ್ಯದ ಹಳೆಯ ಚಿತ್ರದೊಂದಿಗೆ ಸುತ್ತತೊಡಗುತ್ತದೆ. ಆ ವಾರವೇ ಊರಿಗೆ ಬಂದ ಕಂಬಳಿ ಮಾರುವವನನ್ನೋ ಕೂಲಿಗೆ ಬಂದವನನ್ನೋ ಕಂಬಕ್ಕೆ ಕಟ್ಟುತ್ತಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಗಾಳಿಸುದ್ದಿಗೆ ಒಬ್ಬ ಎಂಜಿನಿಯರನನ್ನು ಜನ ಹೊಡೆದು ಕೊಂದರು. ಬ್ರಿಟಿಷರು 1871ರಲ್ಲಿ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟುಕಳ್ಳರೆಂದು ಕಾನೂನು ಮಾಡಿ ಪಟ್ಟಿ ಮಾಡಿದ್ದರು. ಅದು 1952ರಲ್ಲಿ ರದ್ದಾದರೂ ನಮ್ಮ ಠಾಣೆಗಳಲ್ಲಿ, ಹಳ್ಳಿಗಳಲ್ಲಿ ಆ ಪಟ್ಟಿಯ ನೆರಳು ಪೂರಾ ಹೋಗಿಲ್ಲ. ನಾನು ಹಿಡಿದ ಕನ್ನ ಕಳ್ಳರಲ್ಲಿ ಬಹುಪಾಲು ಜನ ಕಳವಾದ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇದ್ದವರು, ಆ ಮನೆಯ ದಿನಚರಿ ಬಲ್ಲವರು. ಅನುಮಾನ ಬಂದರೆ ಗುರುತು ನೋಡಿಕೊಂಡು ಠಾಣೆಗೆ ತಿಳಿಸಿ, ಕೈ ಮಾಡುವ ಅಧಿಕಾರ ನಿಮಗಿಲ್ಲ.

ಇನ್ನು ನಿಮ್ಮ ಬಡಾವಣೆಗೆ. ಊರಿಗೆ ಹೋಗುವ ಮೊದಲು ಠಾಣೆಗೆ ತಿಳಿಸಿ, ಬೀಟಿನವರಿಗೆ ಬೀಗ ಬಿದ್ದ ಮನೆ ಯಾವುದೆಂದು ಗೊತ್ತಿದ್ದರೆ ರಾತ್ರಿ ಗಸ್ತಿನಲ್ಲಿ ಅತ್ತ ಒಂದು ಸುತ್ತು ಹಾಕುತ್ತಾರೆ. ಮುಂಬಾಗಿಲ ದೀಪಕ್ಕೆ ಸಂಜೆ ಹತ್ತಿ ಬೆಳಿಗ್ಗೆ ಆರುವ ಟೈಮರ್ ಹಾಕಿಸಿ. ಹಾಲು, ಪತ್ರಿಕೆ ನಿಲ್ಲಿಸಿ. ಪ್ರವಾಸದ ಚಿತ್ರಗಳನ್ನು ಮರಳಿ ಬಂದ ಮೇಲೆ ಹಂಚಿಕೊಳ್ಳಿ. ಒಂದು ಮನೆಗೆ ಕನ್ನ ಬಿದ್ದರೆ ಮುಂದಿನ ಎರಡು ಮೂರು ವಾರ ಅಕ್ಕಪಕ್ಕದವರು ಹೆಚ್ಚು ಎಚ್ಚರದಿಂದಿರಬೇಕು. ದಾರಿ ತಿಳಿದ ಬೀದಿಗೆ ಕಳ್ಳ ಮತ್ತೆ ಬರುವುದುಂಟು ಎಂಬುದನ್ನು ಹಲವು ದೇಶಗಳ ಅಧ್ಯಯನಗಳೂ ತೋರಿಸಿವೆ. ಕಳವಾದದ್ದು ಕಂಡ ಕೂಡಲೇ ಒಳಗೆ ಹೋಗಿ ಬೀರು ಮುಟ್ಟಬೇಡಿ, ಬೆರಳಚ್ಚಿನವರು ಬರುವ ತನಕ ಹೊರಗೇ ನಿಲ್ಲಿ. ಗುಡಿಸಿ ಒರೆಸಿ ಆಮೇಲೆ ನಮ್ಮನ್ನು ಕರೆದವರೂ ಇದ್ದಾರೆ, ಮನೆಗೆ ಪೊಲೀಸರು ಬರುತ್ತಾರೆ ಎಂದು!

(ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ನಾಯಿ ಸಾಕಿದರೆ ಆದೀತೇ ಎಂದವರಿಗೆ, ಆದೀತು, ಆದರೆ ರಜೆಗೆ ಹೋಗುವಾಗ ನಾಯಿಯನ್ನೂ ಕರೆದೊಯ್ಯುತ್ತೀರಲ್ಲ ಎಂದೆ.)

ಎರಡನೇ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದ್ದು, "ನಾವು ಊರಿಗೆ ಹೋದರೆ ಪಕ್ಕದ ಮನೆಯವಳು ನಮ್ಮ ಬಾಗಿಲಿಗೂ ನೀರು ಹಾಕಿ ಒಂದೆಳೆ ರಂಗೋಲಿ ಎಳೆಯುತ್ತಾಳೆ. ಅವಳೂ ಅದೇ ವಾರ ಹೋದರೆ ಏನು ಮಾಡುವುದು?" ಎಂದು ಕೇಳಿದರು. ನಾನು ಅಂದು ಹೇಳಿದ್ದೆಲ್ಲವೂ ಆ ಪ್ರಶ್ನೆಯಲ್ಲಿತ್ತು. ನಿಮ್ಮ ಸಂಘದ ಪುಸ್ತಕದಲ್ಲಿ ಯಾವ ಮನೆಯವರು ಎಂದಿನಿಂದ ಎಂದಿನವರೆಗೆ ಊರಲ್ಲಿರುವುದಿಲ್ಲ ಎಂದು ಬರೆದಿಡಿ ಅಮ್ಮ, ಅದನ್ನು ಗುಂಪಿಗೆ ಹಾಕದೆ ಕಾರ್ಯದರ್ಶಿಯ ಬಳಿ ಮಾತ್ರ ಇರಿಸಿ, ಒಂದು ಬೀದಿಯಲ್ಲಿ ಕೊನೆಗೆ ಮೂರು ಮನೆಯವರಾದರೂ ಇರುವಂತೆ ದಿನ ಹಿಂದೆ ಮುಂದೆ ಮಾಡಿಕೊಳ್ಳಿ ಎಂದೆ. ಕಾರ್ಯದರ್ಶಿಗಳು ಅಲ್ಲೇ ಒಂದು ಹಳೆಯ ಲೆಕ್ಕದ ಪುಸ್ತಕ ತೆರೆದು ಕೂತರು. ಕಾಫಿ ಬರುವಷ್ಟರಲ್ಲಿ ಹದಿನಾಲ್ಕು ಹೆಸರು ಆಗಿದ್ದವು, ಅದರಲ್ಲಿ ಒಂಬತ್ತು ಮನೆಯವರು ಹೊರಡುವುದು ಏಪ್ರಿಲ್ ಮೂರನೇ ವಾರವೇ.